ಎಫ್ ಟೂ ಒತ್ತುವ ಬೆರಳು

ಕೌಲ್ ಬಜಾರಿನ ಫೋಟೋ ಸ್ಟುಡಿಯೋದಲ್ಲಿ ನನ್ನ ಪಕ್ಕ ಕೂತು ಕೆಲಸ ಕಲಿಸುತ್ತಿದ್ದ ಅಕ್ಕ ಮೌಸ್ ಮುಟ್ಟುತ್ತಿದ್ದುದೇ ಅಪರೂಪ. ಅದಿರಿನ ಲಾರಿಗಳು ಎಬ್ಬಿಸಿದ ಕೆಂಧೂಳನ್ನು ಕೀಬೋರ್ಡಿನಿಂದ ಸೆರಗಲ್ಲಿ ಒರೆಸುತ್ತ, ಕಾಲು ಕುಣಿಸುತ್ತ, "ಎಫ್ ಟೂ ಒತ್ತು, ಹೆಸ್ರು ಬದ್ಲಿಸು, ಮುಂದ ನಡಿ" ಎನ್ನುತ್ತಿದ್ದಳು. ಗಣಿ ದುಡ್ಡಿನಲ್ಲಿ ಮದುವೆಗಳು ಉಬ್ಬಿದ್ದ ಕಾಲವದು. ಒಂದು ಮದುವೆಯ ಅಷ್ಟೂ ಫೋಟೋಗಳನ್ನು ಒಟ್ಟಿಗೆ ಆರಿಸಿ, ಎಫ್ ಟೂ ಒತ್ತಿ, ಮದುಮಗಳ ಹೆಸರನ್ನು ಒಮ್ಮೆ ಹೊಡೆದರೆ ಎಲ್ಲಕ್ಕೂ ಅದೇ ಹೆಸರು ಬೀಳುತ್ತಿತ್ತು.

ಒಮ್ಮೆ ಕುರುಗೋಡಿನ ಅತ್ತೆಯೊಬ್ಬರು ಹೊಸ ಸೊಸೆಯನ್ನು ಕರೆದುಕೊಂಡು ಮದುವೆಯ ಸಿಡಿ ಒಯ್ಯಲು ಬಂದರು. ಪರದೆಯ ತುಂಬ 'ಹಂಪಮ್ಮ' ಎಂದಿದ್ದುದನ್ನು ಕಂಡು ಮುಖ ಸಿಂಡರಿಸಿದರು.

"ಅದನ್ನ ತಗೀರಿ. ನಮ್ಮ ಮನ್ಯಾಗ ಈಕಿಗೆ ಶಾರದಾ ಅಂತ ಹೆಸ್ರು ಇಟ್ಟೀವಿ."

ಅಕ್ಕ ಎಫ್ ಟೂ ಒತ್ತಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲ ಫೋಟೋಗಳೂ ಶಾರದಾ ಆದವು. ಸೊಸೆ ಪರದೆಯನ್ನೇ ನೋಡುತ್ತ ನಿಂತಳು. ಅಕ್ಕನ ಕಾಲು ಕುಣಿಯುವುದನ್ನು ನಿಲ್ಲಿಸಿತು.

ಸಿಡಿ ತಯಾರಾದದ್ದೇ ಅತ್ತೆ ಅದನ್ನು ಹಿಡಿದು ಆಟೋ ಕೂಗಲು ಹೊರಗೆ ಹೋದರು. ಅಕ್ಕ ಹುಡುಗಿಯತ್ತ ಬಾಗಿ, "ತವರುಮನಿಗೆ ಒಂದು ಸಿಡಿ ಮಾಡಿಕೊಡ್ಲೇನವ್ವಾ?" ಎಂದಳು.

"ಅದ್ರಾಗ ಯಾವ ಹೆಸ್ರು ಬರತೈತ್ರಿ, ಅಕ್ಕಾ?"

ಅಕ್ಕನ ಬೆರಳು ಮತ್ತೆ ಎಫ್ ಟೂ ಮೇಲಿತ್ತು.

"ನಿಂದ ಬರತೈತಿ, ಹಂಪಮ್ಮ."