ಎರಡು ಸುಳಿಯ ಹುಡುಗಿ

ನನಗೆ ಬರುವುದು ಒಂದೇ ಚಿತ್ರ: ಎರಡು ಗುಡ್ಡ, ನಡುವೆ ಸೂರ್ಯ, ಪಕ್ಕದಲ್ಲೊಂದು ವಾಲಿದ ತೆಂಗಿನಮರ. ಕಾನ್ವೆಂಟಿನಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದ ಸಿಸ್ಟರ್ ವರ್ಷಗಟ್ಟಲೆ ಅದನ್ನೇ ನೋಡಿ, ಕೊನೆಗೊಮ್ಮೆ "ನಿಮ್ಮೂರಲ್ಲಿ ಬೇರೇನೂ ಇಲ್ವೇನಮ್ಮ?" ಎಂದಿದ್ದರು. ಇಂಥ ನಾನು ಸಕಲೇಶಪುರದ ಚಿತ್ರಮೇಳಕ್ಕೆ ಹೋದದ್ದು ಕಲೆಯ ಮೇಲಿನ ಪ್ರೀತಿಯಿಂದಲ್ಲ. ಪಕ್ಕದ ತೋಟದ ಗಿರಿಜಾ ಜೊತೆಗೆ ಬನ್ನಿ ಎಂದಳು, ಅದಕ್ಕೆ.

ಬರೀ ಕಾಗದದ ಮೇಳವದು. ಕ್ಯಾನ್ವಾಸಿಲ್ಲ, ಎಣ್ಣೆಬಣ್ಣವಿಲ್ಲ, ಪೆನ್ಸಿಲ್, ಇದ್ದಿಲು, ಮಸಿ, ಅಷ್ಟೇ. ಮಳೆಗಾಲದಲ್ಲಿ ನಮ್ಮ ಕಡೆ ಮದುವೆ ಆಲ್ಬಮ್ಮಿಗೂ ಬೂಷ್ಟು ಹಿಡಿಯುತ್ತದೆ. ಯಾರೋ ತಿಳಿದವರು ಬೇಸಿಗೆಯ ಶುರುವಿನಲ್ಲೇ, ಶಾಲೆಗೆ ರಜೆ ಬರುವ ಮೊದಲೇ ಇಟ್ಟುಕೊಂಡಿದ್ದರು. ಕಲ್ಯಾಣ ಮಂಟಪದ ಗೋಡೆ ತುಂಬ ಕಪ್ಪುಬಿಳುಪು. "ಬಣ್ಣಕ್ಕೂ ಬರ ಬಂತೇನೋ ಮಾರಾಯ" ಎಂದು ಹಿಂದೆ ಯಾರೋ ಪ್ಲಾಂಟರು ನಕ್ಕರು.

ಚಿತ್ರವನ್ನು ನಾವು 'ಬಿಡಿಸು'ತ್ತೇವೆ, ನೋಡಿ. ಅವರೆಕಾಯಿ ಬಿಡಿಸಿದ ಹಾಗೆ, ಸೆರೆ ಬಿಡಿಸಿದ ಹಾಗೆ. ಒಳಗೆ ಮೊದಲೇ ಕೂತಿರುವುದನ್ನು ಹೊರಗೆ ತರುವುದಷ್ಟೇ ಕೆಲಸ ಎಂಬ ಧೈರ್ಯ ಆ ಮಾತಿನಲ್ಲಿದೆ. ಗಿರಿಜಾ ನಂಬಿದ್ದೂ ಅದನ್ನೇ. ಮೇಳದಲ್ಲಿ ಒಬ್ಬರು ಕಲಾವಿದರು ಕೂತವರ ಮುಖ ಬಿಡಿಸಿಕೊಡುತ್ತಾರೆಂದು ಕೇಳಿದ್ದಳು. ಅವಳ ಮಗಳು ಸುಮ ಹಿಂದಿನ ವರ್ಷ ಮೆದುಳುಜ್ವರದಲ್ಲಿ ಹೋಗಿಬಿಟ್ಟಿದ್ದಳು. ಫೋಟೋ ಒಂದೂ ಇರಲಿಲ್ಲ. ದೃಷ್ಟಿಯಾಗುತ್ತದೆಂದು ಅತ್ತೆ ತೆಗೆಸಲು ಬಿಟ್ಟಿರಲಿಲ್ಲ. ಪಿತೃಪಕ್ಷದಲ್ಲಿ ಎಡೆ ಇಡಲು ಗಿರಿಜಾಗೆ ಮಗಳದೊಂದು ಮುಖ ಬೇಕಿತ್ತು.

"ನಾನ್ ಹೇಳ್ತೀನಿ, ನೀವು ಬಿಡಿಸಿ ಸಾರ್" ಎಂದು ಎದುರು ಕೂತಳು.

ಕಲಾವಿದರು ಇದ್ದಿಲು ಹಿಡಿದು, "ಕಣ್ಣು ಹೇಗಿತ್ತಮ್ಮ?" ಎಂದರು.

"ಚೆನ್ನಾಗಿತ್ತು."

"ದೊಡ್ಡದಾ, ಸಣ್ಣದಾ?"

ಗಿರಿಜಾ ಬೆರಳಲ್ಲಿ ಗಾಳಿಯಲ್ಲೊಂದು ಅಳತೆ ತೋರಿಸಿದಳು, ಮತ್ತೆ ಬದಲಿಸಿದಳು. ಅವರು ಬರೆದು ತೋರಿಸಿದ ಕಣ್ಣು ಸುಮಳದಲ್ಲ, ಮೂಗೂ ಅಲ್ಲ. ಅಳಿಸಿ ಅಳಿಸಿ ಕಾಗದ ಜೂಲೆದ್ದಿತು. ಕಡೆಗೆ ನನ್ನತ್ತ ತಿರುಗಿ, "ಮರ್ತೋಗ್ಬುಟ್ಟೈತೆ ಕಣಕ್ಕ. ನೀವಾದ್ರೂ ಹೇಳಿ" ಎಂದಳು. ಹೇಳಲು ನನಗೂ ಆಗಲಿಲ್ಲ. ಸಣ್ಣಪುಟ್ಟದ್ದೆಲ್ಲ ಗಮನಿಸುತ್ತೇನೆಂಬ ಜಂಬ ನನ್ನದು. ಬೇಲಿಯಾಚೆಯ ಆ ಮಗುವಿನ ಹರಿದ ಚಪ್ಪಲಿಗಿದ್ದ ಪಿನ್ನು ನೆನಪಿದೆ, ಮುಖವಿಲ್ಲ. ಕಣ್ಣು ಮುಚ್ಚಿ ನಿಮ್ಮ ಮನೆಯವರ ಮೂಗನ್ನೊಮ್ಮೆ ವರ್ಣಿಸಿ ನೋಡಿ, ತಿಳಿಯುತ್ತದೆ.

ಕಲಾವಿದರು ಹೊಸ ಹಾಳೆ ತೆಗೆದುಕೊಂಡರು. "ಮುಖ ಬೇಡ ಬಿಡಿ. ಏನು ಗೊತ್ತೋ ಅದನ್ನೇ ಹೇಳಿ."

"ತಲೇಲಿ ಎರಡು ಸುಳಿ ಸಾರ್. ಎರಡು ಮದ್ವೆ ಆಯ್ತದೆ ಕಣೇ ನಿಂಗೆ ಅಂತ ಎಲ್ರೂ ರೇಗ್ಸೋರು."

ಆಮೇಲೆ ಅವಳ ಮಾತು ನಿಲ್ಲಲಿಲ್ಲ. ಬೈತಲೆ ಕೊಂಚ ಎಡಕ್ಕೆ, ಬಲಜಡೆ ದಪ್ಪ, ಎಡದ್ದು ಸಣಕಲು, ಕತ್ತಿನ ಬಳಿ ಹೆಣಿಗೆಗೆ ಸಿಗದ ಪುಟ್ಟ ಕೂದಲು, ಕಿವಿಯ ಹಿಂದೊಂದು ಮಚ್ಚೆ. ದಿನಾ ಬೆಳಗ್ಗೆ ಹಿಂದೆ ಕೂತು ಸಿಕ್ಕು ಬಿಡಿಸಿದ ಕೈಗಳಿಗೆ ಎಲ್ಲ ಗೊತ್ತಿತ್ತು. ಮುಖ ಮಾತ್ರ ಯಾವಾಗಲೂ ಆಚೆಗೆ, ಯಸಳೂರಿನ ಬಸ್ಸು ಬರುವ ಕಡೆಗೆ.

ಮುಗಿದ ಚಿತ್ರ ನೋಡಿ ಗಿರಿಜಾ "ಇವ್ಳೇ" ಎಂದಳು. ಬೆನ್ನು ತಿರುಗಿಸಿ ಕೂತ ಹುಡುಗಿ. ಆ ವರ್ಷ ಎಡೆ ಇಟ್ಟದ್ದೂ ಆ ಬೆನ್ನಿಗೇ. "ಹಿಂದ್ಗಡೆ ಇಟ್ರೆ ಹೆಂಗೆ ಉಣ್ತಾಳೆ ಕಣೇ?" ಎಂದು ಅತ್ತೆ ಗೊಣಗಿದರೆ, "ಹಸಿವಾದ್ರೆ ತಿರುಗ್ತಾಳೆ ಬಿಡಿ" ಎಂದಳಂತೆ.

ನಾನಂತೂ ಮೇಳದ ಮರುದಿನವೇ ನನ್ನ ಮಗಳನ್ನು ಎದುರಿಗೆ ಕೂರಿಸಿಕೊಂಡು ತಲೆ ಬಾಚಿದೆ. "ಅಮ್ಮಾ, ಜಡೆ ಕಿವಿ ಮೇಲೆ ಬಂದಿದೆ! ಕ್ಲಾಸಲ್ಲಿ ಎಲ್ರೂ ನಗ್ತಾರೆ" ಎಂದು ಅವಳು ಮುಖ ಸಿಂಡರಿಸಿದಳು. ಹಾಗೆ ಸಿಂಡರಿಸಿದಾಗ ಅವಳ ಎಡಗೆನ್ನೆಯಲ್ಲಿ ಸಣ್ಣದೊಂದು ಗುಳಿ ಬೀಳುತ್ತದೆ. ಇಷ್ಟು ವರ್ಷ ಅದು ಎಲ್ಲಿತ್ತೋ.