ಟ್ರಾಲಿಗೆ ಯಾರ್ಯಾರು ಬರ್ತೀರಿ?

ಜೋಗಕ್ಕೆ ಹೋಗೋಣ ಎಂದು ವರ್ಷದಿಂದ ಗಂಡನ ಬೆನ್ನು ಹತ್ತಿದ್ದವಳು ನಾನೇ. ಜಲಪಾತಕ್ಕಿಂತ ನನ್ನನ್ನು ಎಳೆಯುತ್ತಿದ್ದದ್ದು ಅಲ್ಲಿನ ಟ್ರಾಲಿ. ನನ್ನಣ್ಣ ಅಲ್ಲಿಯ ವಿದ್ಯುತ್ ಕೇಂದ್ರದಲ್ಲಿ ಕೆಲಸಕ್ಕಿದ್ದ. ರಜೆಗೆ ಹರಿಹರದ ಮನೆಗೆ ಬಂದಾಗಲೆಲ್ಲ ಅದರದೇ ವರ್ಣನೆ. ಕೇಂದ್ರ ಇರುವುದು ಕಣಿವೆಯ ತಳದಲ್ಲಿ. ಇಳಿಯಲು ಗುಡ್ಡದ ಮೈಮೇಲೆ ನೆಟ್ಟಗೆ ಹಳಿ ಹಾಸಿದ್ದಾರೆ. ಹಳಿಯ ಮೇಲೊಂದು ತೆರೆದ ಗಾಡಿ, ಅದನ್ನು ಮೇಲಿನಿಂದ ಉಕ್ಕಿನ ಹಗ್ಗವೊಂದು ಹಿಡಿದು ಇಳಿಸುತ್ತದೆ, ಹಿಡಿದು ಎಳೆಯುತ್ತದೆ. "ಬಾವಿಗೆ ಕೊಡ ಬಿಟ್ಟಂಗೆ ಬಿಡ್ತಾರೆ ನೋಡು," ಎನ್ನುತ್ತಿದ್ದ ಅಣ್ಣ. ಆಗ ನಾನು ಲಂಗ ತೊಡುವ ಹುಡುಗಿ. ಕೇಳುತ್ತ ಕೇಳುತ್ತ ನನ್ನ ಅಂಗಾಲು ಜುಮ್ಮೆನ್ನುತ್ತಿತ್ತು.

ಮದುವೆಯಾಗಿ ದಾವಣಗೆರೆಯ ಕೆ.ಬಿ. ಬಡಾವಣೆಗೆ ಬಂದ ಮೇಲೂ ಆ ಆಸೆ ಹೋಗಿರಲಿಲ್ಲ. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಗಂಡ ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ಮನೆಯಲ್ಲಿ ನಾವಿಬ್ಬರು, ಜೊತೆಗೆ ಅತ್ತೆ. ಮೊದಮೊದಲು "ನೀರು ಬೀಳೋದು ನೋಡಾಕೆ ಅಷ್ಟು ದೂರ ಹೋಗ್ಬೇಕಾ?" ಎಂದು ನಗುತ್ತಿದ್ದ ಗಂಡ, ದಸರಾ ರಜೆಗೆ ಹೋಗುವುದೆಂದು ಒಪ್ಪಿದ ಮೇಲೆ ನನಗಿಂತ ಹೆಚ್ಚು ಹುಚ್ಚು ಹಿಡಿಸಿಕೊಂಡರು. ಶಾಲೆಯಲ್ಲಿ ಹೇಳಿದರು, ಕ್ಷೌರದ ಅಂಗಡಿಯಲ್ಲಿ ಹೇಳಿದರು. "ಟ್ರಾಲಿಗೆ ಎಲ್ಲಾರ್ನೂ ಬಿಡಲ್ರಿ. ನಮ್ಮ ಭಾವ ಪರ್ಮಿಷನ್ ತಗಂಡಾರೆ," ಎಂದು ಬಾಗಿಲಿಗೆ ಬಂದವರಿಗೆಲ್ಲ ಹೇಳಿದರು. ಅತ್ತೆ ಮಾತ್ರ ಮೊದಲೇ ಕಡ್ಡಿ ಮುರಿದಂತೆ ಹೇಳಿದ್ದರು: "ನಾ ಮ್ಯಾಲೆ ಕೂತಿರ್ತೀನಿ. ನೀವು ಗಂಡ ಹೆಂಡ್ತಿ ಹೋಗಿ ಬರ್ರಿ."

ಹೊರಡುವ ಹೊತ್ತಿಗೆ ನನ್ನ ಮುಟ್ಟು ನಿಂತಿತ್ತು.

ಯಾರಿಗೂ ಹೇಳಿರಲಿಲ್ಲ. ಹೇಳದಿರುವುದಕ್ಕೆ ಕಾರಣವಿತ್ತು. ಹಿಂದಿನ ವರ್ಷ ಹೀಗೇ ಆದಾಗ ತಡೆಯಲಾರದೆ ಗಂಡನಿಗೆ ಹೇಳಿದ್ದೆ. ಅವರು ಚಪ್ಪಲಿ ಕೂಡ ಬಿಡದೆ ಅಡುಗೆಮನೆಗೆ ನುಗ್ಗಿ ತಾಯಿಗೆ ಹೇಳಿದ್ದರು. ಅತ್ತೆ ಅಂದು ಸಂಜೆಯೇ ಬೀದಿಯ ಮನೆಮನೆಗೂ ಸಕ್ಕರೆ ಹಂಚಿ ಬಂದರು. ಕೆಲವೇ ದಿನಗಳಲ್ಲಿ ಎಲ್ಲ ಕಳೆದುಹೋಯಿತು. ಸಕ್ಕರೆ ತಿಂದವರೆಲ್ಲ ಸಮಾಧಾನ ಹೇಳಲು ಬಂದರು. ಅತ್ತೆ ಅವರೆದುರು ಬಾಯಿ ಬಿಡದೆ ಕೂತಿರುತ್ತಿದ್ದರು. ಆಮೇಲೂ ಬಹಳ ದಿನ ನನ್ನೊಡನೆ ಮಾತು ಕಡಿಮೆ ಮಾಡಿದರು. ಆ ಮೌನಕ್ಕೆ ನಾನೇ ಒಂದು ಅರ್ಥ ಕಟ್ಟಿಕೊಂಡಿದ್ದೆ: ತಪ್ಪು ನನ್ನದು ಅನ್ನುತ್ತಿದ್ದಾರೆ ಎಂದು. ಹಾಗಾಗಿ ಈ ಸಲ ತುಟಿ ಬಿಗಿಹಿಡಿದೆ. ಆದರೆ ಟ್ರಾಲಿಯನ್ನು ಏನು ಮಾಡುವುದು? ಬೇಡವೆಂದರೆ ಯಾಕೆಂದು ಕೇಳುತ್ತಾರೆ. ಹತ್ತಿದರೆ, ಏನಾದರೂ ಆದರೆ? ಬಟ್ಟೆ ಮಡಿಚಿ ಚೀಲಕ್ಕೆ ಹಾಕಿದೆ, ತೆಗೆದೆ, ಮತ್ತೆ ಹಾಕಿದೆ. ಒಲೆಯ ಮೇಲಿಟ್ಟ ಹಾಲು ಉಕ್ಕಿ ಹರಿದರೂ ನೋಡುತ್ತಲೇ ನಿಂತಿದ್ದೆ.

ಅವ್ವನಿಗಾದರೂ ಹೇಳಿಕೊಳ್ಳೋಣ ಎಂದುಕೊಂಡಿದ್ದೆ. ಶಿವಮೊಗ್ಗದ ಬಸ್ಸು ಹಿಡಿಯುವ ಮೊದಲು ಹರಿಹರದ ತವರಿನಲ್ಲಿ ಊಟಕ್ಕೆ ನಿಲ್ಲುವುದೆಂದು ಗೊತ್ತಾಗಿತ್ತು. ಅಲ್ಲಿ ಹೋದರೆ, ಬೀಗರು ಬಂದರೆಂದು ಅವ್ವನಿಗೆ ನಿಂತಲ್ಲಿ ನಿಲ್ಲಲು ಪುರಸೊತ್ತಿಲ್ಲ. ಒಂದು ಕಡೆ ರೊಟ್ಟಿ ಬಡಿಯುತ್ತಾಳೆ, ಇನ್ನೊಂದು ಕಡೆ ಅಣ್ಣನಿಗೆಂದು ಚಟ್ನಿಪುಡಿ ಕಟ್ಟುತ್ತಾಳೆ. ನಾನು ಅವಳ ಸೆರಗು ಹಿಡಿದಂತೆ ಹಿಂದೆ ಹಿಂದೆ ಸುತ್ತಿದೆ. ನೀರೊಲೆಯ ಹತ್ತಿರ ಒಬ್ಬಳೇ ಸಿಕ್ಕಳು.

"ಅವ್ವಾ, ಒಂದು ಮಾತು..."

"ಏನು? ಉಪ್ಪು ಕಮ್ಮಿ ಆಗೈತಾ?" ಎಂದಳು. ಅಷ್ಟರಲ್ಲಿ ಅತ್ತೆ ಕೈತೊಳೆಯಲು ಬಂದರು. ನಾನು ಸುಮ್ಮನೆ ತಂಬಿಗೆ ಎತ್ತಿ ಅವರ ಕೈಗೆ ನೀರು ಹಾಕಿದೆ.

ಬಸ್ಸು ಹೊಳೆಯ ದಂಡೆ ಬಿಟ್ಟು ಹೊನ್ನಾಳಿ ದಾರಿ ಹಿಡಿಯಿತು. ಗುಂಡಿ ಬಂದಲ್ಲೆಲ್ಲ ನನ್ನ ಕೈ ತಾನೇ ತಾನಾಗಿ ಹೊಟ್ಟೆಗೆ ಹೋಗುತ್ತಿತ್ತು. ಗಂಡ ಮುಂದಿನ ಸೀಟಿನಿಂದ ತಿರುಗಿ ತಿರುಗಿ ನೋಡಿ, "ಟ್ರಾಲಿ ಹಿಂಗೆ ಎತ್ತಿ ಹಾಕಲ್ವಂತೆ, ನುಣ್ಣಗೆ ಜಾರುತ್ತಂತೆ," ಎನ್ನುತ್ತಿದ್ದರು. ನಾನು ನಗುತ್ತಿದ್ದೆ. ಸಾಗರ ದಾಟುವವರೆಗೂ ಕಿಟಕಿ ತೆರೆದೆ, ಮುಚ್ಚಿದೆ. ಪಕ್ಕದಲ್ಲಿದ್ದ ಅತ್ತೆ ಕೊನೆಗೆ ಕೈ ಚಾಚಿ ಕಿಟಕಿಯನ್ನು ಅರ್ಧಕ್ಕೆ ನಿಲ್ಲಿಸಿದರು.

ಅಣ್ಣನಿಗಿನ್ನೂ ಮದುವೆಯಾಗಿರಲಿಲ್ಲ. ಅವನ ಕ್ವಾರ್ಟರ್ಸಿನಲ್ಲಿ ಉಳಿದುಕೊಂಡೆವು. ಬೆಳಿಗ್ಗೆ ತಿಂಡಿ ಮುಗಿಸಿ ಟ್ರಾಲಿ ಹೊರಡುವ ಜಾಗಕ್ಕೆ ಕರೆದುಕೊಂಡು ಹೋದ.

ಕಂಡಾಗ ನನಗೆ ಭಯವಾಗಲಿಲ್ಲ. ಅದೇ ಕಷ್ಟವಾಯಿತು. ಎದುರಿಗೆ ಹಳಿಗಳೆರಡು ಕಣ್ಣು ಹಾಯುವಷ್ಟು ದೂರ ನೇರ ಇಳಿದು ಮಂಜಿನೊಳಗೆ ಮಾಯವಾಗಿದ್ದವು. ಅವುಗಳ ನಡುವೆ, ಎಣ್ಣೆ ಬಳಿದ ಕಪ್ಪು ಹಗ್ಗ. ಗಾಡಿಯ ಬೆಂಚುಗಳು ಮೆಟ್ಟಿಲಿನಂತೆ ಒಂದರ ಕೆಳಗೊಂದು. ಕೆಲಸಕ್ಕೆ ಹೋಗುವವರು ಬುತ್ತಿ ಹಿಡಿದು, ನಮ್ಮ ಊರಿನವರು ಸಿಟಿ ಬಸ್ಸಿನಲ್ಲಿ ಕೂರುವ ಹಾಗೆ, ಹೋಗಿ ಕೂರುತ್ತಿದ್ದರು. ನಾನು ಕಲ್ಪಿಸಿಕೊಂಡದ್ದಕ್ಕಿಂತ ಚೆನ್ನಾಗಿತ್ತು. ಓಡಿ ಹೋಗಿ ಮುಂದಿನ ಬೆಂಚಿನಲ್ಲಿ ಕೂರಬೇಕು ಅನ್ನಿಸಿತು. ಹೆಜ್ಜೆ ಎತ್ತಿದೆ ಕೂಡ.

"ಯಾರ್ಯಾರು ಬರ್ತೀರಿ? ಬೇಗ ಬರ್ರಿ, ಬಿಡ್ತಾರೆ," ಎಂದ ಅಣ್ಣ.

ಗಂಡ ಆಗಲೇ ಹತ್ತಿದ್ದರು. ನನಗೆ ಕೈ ಚಾಚಿದರು. ನಾನು ನಿಂತೆ.

"ನಾ ಬರಲ್ಲ."

"ಯಾಕ?"

"ಹೆದರಿಕಿ ಆಗ್ತೈತೆ."

"ಹೆದರಿಕಿ? ಒಂದು ವರ್ಷದಿಂದ ನನ್ನ ತಲಿ ತಿಂದೋಳು ನೀನು!" ಗಂಡ ನಕ್ಕರು. ನಗು ಮುಗಿಯುವ ಮೊದಲೇ ಮುಖ ಗಂಟಾಯಿತು. "ಇಷ್ಟು ದೂರ ಬಂದು ಹಿಂಗಂದ್ರೆ ಹೆಂಗೆ? ನಿಮ್ಮಣ್ಣ ಯಾರ್ಯಾರ ಕೈಕಾಲು ಹಿಡಿದು ಪರ್ಮಿಷನ್ ತಗಂಡಾನೆ."

ಬುತ್ತಿ ಹಿಡಿದವರೆಲ್ಲ ತಿರುಗಿ ನೋಡುತ್ತಿದ್ದರು. ಅಣ್ಣ, "ಏನೂ ಆಗಲ್ಲ, ಕಣ್ಣು ಮುಚ್ಚಿಕಂಡು ಕೂತ್ಬಿಡು ಬಾ," ಎಂದ. ನನಗೆ ಅಳು ಬಂತು, ಸಿಟ್ಟೂ ಬಂತು. ಹೇಳಿಬಿಡಲೇ? ಇಷ್ಟು ಜನರ ಎದುರಿಗೆ? ಹತ್ತಿಬಿಡಲೇ, ಹಣೆಬರಹ ಆದಂತಾಗಲಿ? ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದೆ, ಬಿಚ್ಚುತ್ತಿದ್ದೆ.

ಆಗ ಹಿಂದಿನಿಂದ ಅತ್ತೆಯ ದನಿ ಬಂತು. "ಆಕಿ ಬ್ಯಾಡ ಅಂದ್ರೆ ಬ್ಯಾಡ. ಸುಮ್ನೆ ಯಾಕ ಜಗ್ತೀಯ? ಸರಿ ಅತ್ಲಾಗೆ, ನಾ ಬರ್ತೀನಿ."

"ನೀನಾ, ಅವ್ವಾ?"

"ಯಾಕ, ನನಗೇನು ಕಾಲಿಲ್ಲೇನು?"

ಸೆರಗನ್ನು ಸೊಂಟಕ್ಕೆ ಬಿಗಿದು, ಅಣ್ಣನ ಭುಜ ಹಿಡಿದು, ಚಪ್ಪಲಿಯನ್ನು ನನ್ನ ಪಕ್ಕ ಬಿಟ್ಟು ಹತ್ತಿದರು. ಮಗನ ತೋಳನ್ನು ಎರಡೂ ಕೈಯಲ್ಲಿ ಅಪ್ಪಿ ಕಣ್ಣು ಮುಚ್ಚಿದರು. ಗಂಡನಿಗೆ ನನ್ನ ಮೇಲಿನ ಸಿಟ್ಟು ಮರೆತೇ ಹೋಯಿತು. "ಗಟ್ಟಿ ಹಿಡ್ಕಾ, ಕೆಳಗೆ ನೋಡ್ಬ್ಯಾಡ," ಎನ್ನುತ್ತಿರುವಾಗಲೇ ಅಣ್ಣನೂ ಹತ್ತಿದ, ಗಂಟೆ ಬಾರಿಸಿದರು, ಗಾಡಿ ಇಳಿಯತೊಡಗಿತು.

ಅತ್ತೆಯ ಸೀರೆಯ ಕೆಂಪು ಬಹಳ ದೂರದವರೆಗೆ ಕಾಣುತ್ತಿತ್ತು. ಆಮೇಲೆ ಮಂಜು ಅದನ್ನೂ ನುಂಗಿತು. ಹಗ್ಗ ಮಾತ್ರ ಓಡುತ್ತಲೇ ಇತ್ತು. ಆ ಹೊತ್ತಿನ ನನ್ನ ಮನಸ್ಸನ್ನು ಹೇಗೆ ಹೇಳಲಿ? ಬಚಾವಾದೆನೆಂಬ ನಿರಾಳ ಒಂದು ಚೂರೂ ಇರಲಿಲ್ಲ. ನನ್ನ ಜಾಗದಲ್ಲಿ ಅವರು ಕೂತರಲ್ಲ ಎಂದು ಹೊಟ್ಟೆಕಿಚ್ಚಾಯಿತು. ಮರುಕ್ಷಣ, ಆ ಹಗ್ಗಕ್ಕೆ ಏನಾದರೂ ಆದರೆ ಎಂದು ಎದೆ ಹಾರಿತು. ಕೂತೆ, ಎದ್ದೆ. ಕಟ್ಟೆಯ ಈ ತುದಿಯಿಂದ ಆ ತುದಿಗೆ ನಡೆದೆ. ನಡೆಯಬಾರದೇನೋ ಎನಿಸಿ ಮತ್ತೆ ಕೂತೆ.

ಗಾಡಿ ಮೇಲೆ ಬಂದಾಗ ಅತ್ತೆಯ ತುರುಬು ಬಿಚ್ಚಿಹೋಗಿತ್ತು. ಕಣ್ಣುಗಳು ತೆರೆದಿದ್ದವು. ಇಳಿದವರು ನೇರ ನನ್ನ ಹತ್ತಿರ ಬಂದು, ಗಂಡ ಮತ್ತು ಅಣ್ಣ ಅತ್ತ ಮಾತಾಡುತ್ತ ನಿಂತಿದ್ದಾಗ, ಚಪ್ಪಲಿ ಮೆಟ್ಟುತ್ತಲೇ ಕೇಳಿದರು.

"ಎಷ್ಟು ದಿನ ಆತು?"

ನಾನು ತಲೆ ತಗ್ಗಿಸಿದೆ. "ತಿಂಗಳಾಗ್ತಾ ಬಂತು. ನಿಮಗೆ ಹೆಂಗೆ ಗೊತ್ತಾತು?"

"ಹೊನ್ನಾಳಿ ದಾರ್ಯಾಗ ಹೊಟ್ಟಿ ಮ್ಯಾಲಿಂದ ಕೈ ತೆಗೀಲಿಲ್ಲ ನೀನು." ತುರುಬು ಕಟ್ಟಿಕೊಳ್ಳುತ್ತ ಮುಂದುವರಿಸಿದರು. "ಹೋದ ಸಲ ನಾನೇ ಊರಿಗೆಲ್ಲಾ ಸಾರಿಬಿಟ್ಟೆ. ಅವರು ಬಂದು ನಿನ್ನ ಮುಂದೆ ಲೊಚಗುಟ್ಟೋವಾಗ ನನ್ನ ನಾಲಿಗಿ ಸೀಳಿಕಳ್ಳಬೇಕು ಅನಿಸಿತ್ತು. ನಿನ್ನ ಮುಖ ನೋಡಿ ಮಾತಾಡಾಕೆ ಆಗ್ತಿರ್ಲಿಲ್ಲ ನನಗೆ. ಈಗ ಯಾರಿಗೂ ಹೇಳ್ಬ್ಯಾಡ. ಅವನಿಗೂ ಬ್ಯಾಡ, ಅವನ ಬಾಯಾಗೆ ನೀರು ನಿಲ್ಲಲ್ಲ."

ಅವರ ಮೌನಕ್ಕೆ ನಾನು ಕಟ್ಟಿಕೊಂಡಿದ್ದ ಅರ್ಥ ಅಲ್ಲೇ ಕಳಚಿತು. ಏನಾದರೂ ಹೇಳಬೇಕಲ್ಲ ಎಂದು, "ಹೆಂಗಿತ್ತು ಟ್ರಾಲಿ?" ಎಂದೆ.

"ಇಳಿಯೋವಾಗ ಜೀವ ಬಾಯಿಗೆ ಬಂದಿತ್ತು. ಏರೋವಾಗ ಕಣ್ಣು ಬಿಟ್ಟೆ," ಎಂದರು. ಮುಖದಲ್ಲಿ ಚಿಕ್ಕ ಹುಡುಗಿಯ ನಗೆಯೊಂದು ಬಂದು ಹೋಯಿತು. "ಭಾಳ ಚಂದ ಐತೆ ಕಣವ್ವಾ."

ಮುಂದಿನ ಬೇಸಿಗೆಯಲ್ಲಿ ಹರಿಹರದ ತವರಿನಲ್ಲಿ ಮಗಳು ಹುಟ್ಟಿದಳು. ಹೊಟ್ಟೆ ಕಾಣುವವರೆಗೂ ನಮ್ಮಿಬ್ಬರನ್ನು ಬಿಟ್ಟು ಮೂರನೆಯವರಿಗೆ ವಿಷಯ ತಿಳಿಯಲಿಲ್ಲ. ಗೊತ್ತಾದಾಗ ಗಂಡ ಎರಡು ದಿನ ಮುನಿಸಿಕೊಂಡಿದ್ದರು. ಹಾಗೆಂದು ಆ ತಿಂಗಳುಗಳು ನೆಮ್ಮದಿಯಾಗಿ ಕಳೆದವೆಂದಲ್ಲ. ಪ್ರತಿ ಸಣ್ಣ ನೋವಿಗೂ ಬೆಚ್ಚುತ್ತಿದ್ದೆ. ಬೆಚ್ಚುವವರು ಇಬ್ಬರಾಗಿದ್ದೆವು, ಅಷ್ಟೇ.

ಆ ಸಲ ಜೋಗದಿಂದ ವಾಪಸು ಬರುವಾಗ ಬಸ್ಸಿನ ಡ್ರೈವರು ಬಾಲಕ್ಕೆ ಬೆಂಕಿ ಬಿದ್ದವನಂತೆ ಓಡಿಸುತ್ತಿದ್ದ. ಶಿವಮೊಗ್ಗ ದಾಟಿದ ಮೇಲೆ ಅತ್ತೆ ಎದ್ದು, ಕಂಬಿ ಕಂಬಿ ಹಿಡಿದುಕೊಂಡು ಮುಂದೆ ಹೋದರು.

"ಮೆಲ್ಲಗೆ ಹೊಡಿಯಪ್ಪಾ. ನನ್ನ ಸೊಂಟ ಹಿಡಿದೈತೆ."

"ಟೈಮ್ ಆಗೈತೆ ಅಮ್ಮಾ, ಕೂಡ್ರಿ ಹೋಗ್ರಿ."

ಅತ್ತೆ ಹಿಂದಿರುಗಿ ಬರಲಿಲ್ಲ. ಅಲ್ಲೇ ಇಂಜಿನ್ನಿನ ಪಕ್ಕದ ಹಲಗೆಯ ಮೇಲೆ, ಬಿಸಿಗೆ ಕಾಲು ಮಡಚಿ ಕೂತುಬಿಟ್ಟರು. ಗುಂಡಿ ಬಂದಾಗಲೆಲ್ಲ "ಅಯ್ಯಪ್ಪಾ" ಎಂದು ನರಳತೊಡಗಿದರು. ಮೂರನೆಯ ನರಳಿಕೆಗೆ ಡ್ರೈವರು ವೇಗ ಇಳಿಸಿದ. "ಅವ್ವನಿಗೆ ಟ್ರಾಲಿ ಹತ್ತಿದ್ದು ಸೊಂಟಕ್ಕೆ ಬಡೀತು ನೋಡು," ಎಂದು ಗಂಡ ಪೇಚಾಡಿಕೊಂಡರು. ನಾನು ಹೌದೆಂದೆ.