ಮಾಲೆ ಹಾಕಿದ್ದು ಅವರು, ಬಿಟ್ಟದ್ದು ನಾನು

ನನ್ನ ಗಂಡ ಅಯ್ಯಪ್ಪನ ಮಾಲೆ ಹಾಕಿದ ವರ್ಷ ನಾನು ಕುಡಿಯುವುದನ್ನು ಬಿಟ್ಟೆ. ಇಷ್ಟೇ ಹೇಳಿ ಸುಮ್ಮನಾದರೆ ಕೇಳಿದವರು ದೇವರ ಮಹಿಮೆ ಎಂದು ಕೈಮುಗಿಯುತ್ತಾರೆ. ನಡೆದದ್ದು ಸ್ವಲ್ಪ ಬೇರೆ.

ನಾನು ದನದ ಡಾಕ್ಟರು. ಮನೆ ಸಾಗರದಲ್ಲಿ, ಕೆಲಸ ಹೊಸನಗರ ತಾಲೂಕಿನ ಒಂದು ಹಳ್ಳಿ ಆಸ್ಪತ್ರೆಯಲ್ಲಿ. ಹಗಲೆಲ್ಲ ಕೊಟ್ಟಿಗೆಯಿಂದ ಕೊಟ್ಟಿಗೆಗೆ ತಿರುಗುವ ಈ ಕೆಲಸ ನನಗೆ ಹೇಳಿ ಮಾಡಿಸಿದ್ದು. ಎದುರಿಗೆ ಒದೆಯುವ ಎಮ್ಮೆಯಿದ್ದರೆ ನನ್ನ ತಲೆ ಆಚೀಚೆ ಅಲುಗಾಡುವುದಿಲ್ಲ. ತೊಂದರೆ ಶುರುವಾಗುತ್ತಿದ್ದದ್ದು ಮನೆಗೆ ಬಂದ ಮೇಲೆ. ಕುಕ್ಕರ್ ಇಟ್ಟು ಬಟ್ಟೆ ತರಲು ಅಂಗಳಕ್ಕೆ ಹೋದವಳು ಕರಿಬೇವಿನ ಬುಡ ಬಿಡಿಸುತ್ತ ಕೂತುಬಿಡುತ್ತಿದ್ದೆ. ಒಳಗೆ ಬೇಳೆ ಸೀಯುತ್ತಿತ್ತು. ಒಂದು ಯೋಚನೆ ಮುಗಿಯುವ ಮೊದಲೇ ಇನ್ನೊಂದು ಅದರ ಬೆನ್ನೇರುತ್ತಿತ್ತು. ಸ್ಟೀಲ್ ಲೋಟದಲ್ಲಿ ರಮ್ಮಿಗೆ ನೀರು ಬೆರೆಸಿ ಕುಡಿದರೆ ಎಲ್ಲವೂ ಸಾಲಾಗಿ ನಿಲ್ಲುತ್ತಿದ್ದವು. ಸಾಗರದಲ್ಲಿ ಕೊಂಡರೆ ಊರಿಡೀ ಸುದ್ದಿ ಎಂದು ಶಿವಮೊಗ್ಗಕ್ಕೆ ಮೀಟಿಂಗಿಗೆ ಹೋದಾಗ ತರುತ್ತಿದ್ದೆ. ಗಂಡನಿಗೆ ಗೊತ್ತಿತ್ತು. ಅವರದ್ದು ಭಾನುವಾರ ಒಂದು ಲೋಟಕ್ಕೆ ಮುಗಿಯುತ್ತಿತ್ತು. ನನಗೆ ದಿನವೂ ಬೇಕಿತ್ತು. ಬರಬರುತ್ತ ನೀರು ಕಡಿಮೆಯಾಗಿ ರಮ್ಮು ಜಾಸ್ತಿಯಾಗಿತ್ತು.

ಅವರು ಮಾಲೆ ಹಾಕಿದಾಗ ಅಡುಗೆಗೆ ತೀರ್ಥಹಳ್ಳಿಯಿಂದ ಅತ್ತೆ ಬಂದರು. ಹೆತ್ತ ಮಗನನ್ನೇ "ಸ್ವಾಮಿ, ಊಟಕ್ಕೆ ಬನ್ನಿ" ಎಂದು ಕರೆಯುವಾಗ ಅವರಿಗೇ ನಗು ಬರುತ್ತಿತ್ತು. ಮಾಲೆ ಇರುವ ಮನೆಯಲ್ಲಿ ಹೆಂಡ ಕೂಡದು. ಒಂದು ಮಂಡಲ ತಾನೆ, ನಾನೂ ಬಿಟ್ಟರಾಯಿತು ಎಂದುಕೊಂಡು ಉಳಿದಿದ್ದ ಬಾಟಲಿಯನ್ನು ಎಲ್ಲೋ ಭದ್ರವಾಗಿ ಇಟ್ಟೆ.

ವಾರ ಕಳೆಯುವುದರೊಳಗೆ ಆ ಜಾಗವನ್ನು ಹುಡುಕತೊಡಗಿದೆ. ಗಂಡ ಭಜನೆಗೆ ಹೋಗಿದ್ದ ಒಂದು ಸಂಜೆ ಅಟ್ಟ, ಅಕ್ಕಿ ಡಬ್ಬ, ಕಂಬಳಿ ಪೆಟ್ಟಿಗೆ ಒಂದನ್ನೂ ಬಿಡಲಿಲ್ಲ. ಕಳೆದುಹೋಗಿದ್ದ ಕಿವಿಯೋಲೆ ಸಿಕ್ಕಿತು, ಎರಡು ಥರ್ಮಾಮೀಟರ್ ಸಿಕ್ಕವು, ಬಾಟಲಿ ಸಿಗಲಿಲ್ಲ. ಕೊನೆಗೆ ಕೋಣೆಯ ನೆಲದ ಮೇಲೆ ಸಾಮಾನುಗಳ ನಡುವೆ ಕೂತು ಅತ್ತುಬಿಟ್ಟೆ.

ಅತ್ತೆ ಬಾಗಿಲಲ್ಲಿ ನಿಂತಿದ್ದರು. "ಆ ಬಾಟ್ಲಿ ಹುಡುಕ್ತಿದೀಯನೇ? ಗೋಣಿಚೀಲದ ಅಡೀಲಿತ್ತು. ನಾನೇ ಚೆಲ್ದೆ ಮಾರಾಯ್ತಿ."

ಭೂಮಿ ಬಾಯಿಬಿಡಲಿ ಅನ್ನಿಸಿತು. ಅವರು ಬಂದು ಪಕ್ಕದಲ್ಲೇ ಕೂತರು.

"ಅದನ್ನ ಕುಡಿದ್ರೆ ಎಂಥ ಆಗ್ತದೆ ನಿಂಗೆ?"

ಬೈಗುಳಕ್ಕೆ ಸಿದ್ಧಳಾಗಿದ್ದ ನನಗೆ ಈ ಪ್ರಶ್ನೆಗೆ ಸುಳ್ಳು ಹೊಳೆಯಲಿಲ್ಲ. "ತಲೆ ಸುಮ್ಮನಾಗ್ತದೆ ಅತ್ತೆ."

"ಅದು ಯಾವಾಗಿಂದ ಗಲಾಟೆ ಮಾಡ್ತಿರೋದು?"

"ಸಣ್ಣೋಳಿದ್ದಾಗಿಂದ್ಲೂ."

ಅತ್ತೆ ಕಂಬಳಿ ಮಡಿಸತೊಡಗಿದರು. "ದನ ಮೇವು ಬಿಟ್ರೆ ನೀನು ಬಾಯೊಂದೇ ನೋಡಿ ಬರ್ತೀಯಾ? ಹೊಟ್ಟೇನೂ ಮುಟ್ಟಿ ನೋಡ್ತೀಯಲ್ಲ. ಹೋಗು, ಯಾರಿಗಾದ್ರೂ ತೋರ್ಸು. ಸ್ವಾಮಿಗೆ ನಾನು ಹೇಳ್ತೀನಿ."

ಶಿವಮೊಗ್ಗದ ಮನೋವೈದ್ಯೆ ಹೆಚ್ಚುಕಡಿಮೆ ನನ್ನದೇ ವಯಸ್ಸಿನವರು. ಎಷ್ಟು ಕುಡಿಯುತ್ತಿದ್ದೆ ಎಂದು ಮುಚ್ಚುಮರೆಯಿಲ್ಲದೆ ಕೇಳಿದರು, ರಕ್ತ ಪರೀಕ್ಷೆ ಮಾಡಿಸಿದರು. ಆಮೇಲೆ ಬಾಲ್ಯಕ್ಕೆ ಹೋದರು. ಶಾಲೆಯಲ್ಲಿ ಛತ್ರಿ ಕಳೆಯುತ್ತಿದ್ದಿರಾ? ಮಾತಿನ ನಡುವೆ ಬಾಯಿ ಹಾಕುತ್ತೀರಾ? ಇಷ್ಟವಾದ ಕೆಲಸದಲ್ಲಿ ಊಟವೇ ಮರೆಯುತ್ತದಾ? ಯಾರೋ ನನ್ನ ಮನೆಯೊಳಗೆ ಇಣುಕಿ ನೋಡಿ ಬಂದವರಂತೆ ಕೇಳುತ್ತಿದ್ದರು. ಎರಡನೆಯ ಭೇಟಿಯಲ್ಲಿ, ಇದು ಸಣ್ಣಂದಿನಿಂದಲೇ ಗಮನ ಒಂದೆಡೆ ನಿಲ್ಲದ ತೊಂದರೆ, ಎಡಿಎಚ್‌ಡಿ ಎಂದರು.

"ಅದು ಗಂಡುಮಕ್ಕಳಿಗೆ ಬರೋದಲ್ವಾ ಮೇಡಂ?" ಎಂದೆ.

"ಹುಡುಗರು ಬೆಂಚಿನ ಮೇಲೆ ಓಡ್ತಾರೆ, ಮೇಷ್ಟ್ರಿಗೆ ಕಾಣತ್ತೆ. ನೀವು ಸುಮ್ನೆ ಕೂತ್ಕೊಂಡು ಒಳಗೇ ಓಡಿದ್ರಿ."

ಬರುವಾಗ ಬಸ್ಸಿನ ಕಿಟಕಿಯ ಪಕ್ಕ ಕೂತು ಆನಂದಪುರ ದಾಟುವವರೆಗೂ ನಗುತ್ತಿದ್ದೆ. ಹುಡುಗಾಟಿಕೆ, ಸೋಮಾರಿ, ಜವಾಬ್ದಾರಿಯಿಲ್ಲದವಳು ಎಂದು ಇಷ್ಟು ವರ್ಷ ಕೇಳಿಸಿಕೊಂಡ ಮಾತುಗಳೆಲ್ಲ ಒಂದೊಂದಾಗಿ ಕಳಚಿ ಬೀಳುತ್ತಿದ್ದವು. ಹಾಗೆಂದು ಮರುದಿನವೇ ಎಲ್ಲ ಸಲೀಸಾಗಲಿಲ್ಲ. ಕುಡಿತ ನಿಂತಮೇಲೆ ತಲೆಯ ಗದ್ದಲ ಮೊದಲಿಗಿಂತ ಜೋರಾಯಿತು. ಅವರು ಬರೆದುಕೊಟ್ಟ ಮಾತ್ರೆ ಒಗ್ಗಲು ಸಮಯ ಹಿಡಿಯಿತು. ಸಂಜೆಯಾದರೆ ಕಾಲು ನಿಲ್ಲುತ್ತಿರಲಿಲ್ಲ. ಅತ್ತೆ ನನ್ನ ಕೈಗೆ ಕೆಲಸ ಕೊಟ್ಟರು: ಹಲಸಿನ ಬೀಜ ಸುಲಿ, ಹುಣಿಸೆ ಬೀಜ ತೆಗೆ. ಒಂದು ಸಂಜೆ ಅದೂ ಸಾಲದಾದಾಗ, "ನಡಿ, ಕೆರೆತನ್ಕ ಹೋಗಿ ಬರೋಣ" ಎಂದು ಸೆರಗು ಸಿಕ್ಕಿಸಿ ಹೊರಟೇಬಿಟ್ಟರು. ನನ್ನ ನಡಿಗೆಗೆ ಸಮನಾಗಿ ನಡೆದರು, ಮರುದಿನ ಮಂಡಿಗೆ ಎಣ್ಣೆ ಹಚ್ಚಿಕೊಂಡರು.

ಗಂಡ ಶಬರಿಮಲೆಗೆ ಹೋಗಿಬಂದು ಮಾಲೆ ತೆಗೆದ ವಾರದಲ್ಲಿ ಅವರ ಗೆಳೆಯರೊಬ್ಬರ ಮನೆಯಲ್ಲಿ ಊಟವಿತ್ತು. ವ್ರತ ಮುಗಿಸಿದ ಗಂಡಸರೆಲ್ಲ ಬಾಯಾರಿದವರಂತೆ ಸೇರಿದ್ದರು. ನನ್ನ ಗುಟ್ಟು ಗುಟ್ಟಾಗಿಯೇನೂ ಇರಲಿಲ್ಲವೆಂದು ಅವತ್ತು ಗೊತ್ತಾಯಿತು. ಮನೆಯ ಯಜಮಾನರು ನನಗೂ ಒಂದು ಲೋಟ ಹಿಡಿದು ತಂದರು.

"ನಂಗೆ ಬ್ಯಾಡ, ಬಿಟ್ಟಿದೀನಿ," ಎಂದೆ. ದನಿ ತಗ್ಗಿಸಲಿಲ್ಲ.

"ಎಂಥಕ್ಕೆ ಡಾಕ್ಟ್ರಮ್ಮ? ಹುಷಾರಿಲ್ವಾ?"

"ಈಗ ಹುಷಾರಾಗಿದೀನಿ."

ಅವರು ಆ ಲೋಟವನ್ನು ತಾವೇ ಇಟ್ಟುಕೊಂಡರು. ಆಮೇಲೆ ಯಾರೋ ಕೋಳಿಸಾರಿನ ಸುದ್ದಿ ಎತ್ತಿದರು. ಗಂಡ ತಮ್ಮ ಒಂದು ಲೋಟ ಕುಡಿದರು. ನನಗಾಗಿ ಬಿಡಿ ಎಂದು ನಾನು ಕೇಳಿರಲೂ ಇಲ್ಲ. ವಾಪಸ್ಸು ಬರುವಾಗ ಕಾರು ಓಡಿಸಿದ್ದು ನಾನು. ಅವರು ಸೀಟಿಗೆ ಒರಗಿ, "ನಾನು ದೇವರಿಗೆ ಹೆದರಿ ಇಷ್ಟು ದಿನ ಬಿಟ್ಟಿದ್ದೆ. ನೀನು ಯಾರಿಗೂ ಹೆದರದೆ ಬಿಟ್ಟೆಯಲ್ಲೇ," ಎಂದರು.

ಈಗ ಕೆಲವು ವರ್ಷಗಳಾದವು. ಬೇಳೆ ಇವತ್ತೂ ಸೀಯುತ್ತದೆ, ಕಾರಿನ ಕೀ ಫ್ರಿಜ್ಜಿನಲ್ಲಿ ಸಿಗುತ್ತದೆ. ಆದರೆ ಸಂಜೆ ಫೋನು ಬಂದರೆ ಹೊರಡುತ್ತೇನೆ. ಮೊದಲು ಆ ಹೊತ್ತಿಗೆ ಎತ್ತುತ್ತಲೇ ಇರಲಿಲ್ಲ. ಹೋದ ತಿಂಗಳು ಹುಂಚದ ಹತ್ತಿರದ ಒಂದು ಮನೆಯಲ್ಲಿ ಹಸುವಿನ ಹೊಟ್ಟೆಯೊಳಗೆ ಕರು ಅಡ್ಡ ತಿರುಗಿತ್ತು. ದೀಪ ಹಚ್ಚುವ ಹೊತ್ತಿಗೆ ಭುಜದವರೆಗೆ ಕೈ ತೂರಿಸಿ, ಕಣ್ಣು ಮುಚ್ಚಿ, ಕಾಲು ಯಾವುದು ಕುತ್ತಿಗೆ ಯಾವುದು ಎಂದು ಬೆರಳಲ್ಲೇ ತಿಳಿದುಕೊಳ್ಳುತ್ತಿದ್ದೆ. ಇಡೀ ಲೋಕದಲ್ಲಿ ಬೇರೇನೂ ಇರಲಿಲ್ಲ. ಹೆಣ್ಣುಗರು ಹೊರಬಂದು ಸೀನಿತು. ಮನೆಯಾಕೆ ಕಣ್ಣೊರೆಸಿಕೊಂಡು, "ಚಾ ಮಾಡ್ಲಾ ಡಾಕ್ಟ್ರಮ್ಮ?" ಎಂದು ಕೇಳಿದರು.

"ಮಾಡಿ, ಸಕ್ಕರೆ ಜೋರಾಗೇ ಹಾಕಿ," ಎಂದು ಬಾವಿಕಟ್ಟೆಗೆ ಕೈ ತೊಳೆಯಲು ಹೋದೆ.